ತೋಟೆ ಹಾಕಿದವರು

ಕಾಪುವಿನ ಕಡಲ ಬದಿಯಿಂದ ಮದುವೆಯಾಗಿ ಹೆಬ್ರಿಯ ಹತ್ತಿರದ ಊರಿಗೆ ಬಂದಾಗ ನನಗೆ ಎಲ್ಲಕ್ಕಿಂತ ಮೊದಲು ಹಿಡಿಸಿದ್ದು ಸೀತಾನದಿ. ಮನೆಯ ಕೆಳಗೆ ಅದು ಎತ್ತರದ ಕರಿಬಂಡೆಗಳ ಕಮರಿಯಲ್ಲಿ ಹರಿಯುತ್ತಿತ್ತು. ಬೇಸಗೆಯಲ್ಲಿ ಹರಿವು ನಿಂತರೂ ಬಂಡೆಗಳ ನಡುವಿನ ಗುಂಡಿ ಬತ್ತುತ್ತಿರಲಿಲ್ಲ. ಮೀನುಗಳೆಲ್ಲ ಅಲ್ಲಿಗೇ ಬಂದು ಸೇರುತ್ತಿದ್ದವು. ಬಟ್ಟೆ ಒಗೆಯಲು ಹೋದಾಗ ಅತ್ತೆ ಅವುಗಳಿಗೆ ಒಂದು ಹಿಡಿ ಅನ್ನ ಹಾಕುತ್ತಿದ್ದರು. "ಮಳೆ ಬರುವವರೆಗೆ ಇವಕ್ಕೆ ಬೇರೆ ಜಾಗ ಇಲ್ಲ" ಎನ್ನುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳು. ಒಂದು ಭಾನುವಾರ ಜೀಪಿನಲ್ಲಿ ನಾಲ್ಕೈದು ಜನ ಪಿಕ್‌ನಿಕ್ಕಿಗೆ ಬಂದರು. ನಾವು ಬಟ್ಟೆ ಹಿಂಡುತ್ತಿದ್ದಾಗ ಕಮರಿಯೇ ನಡುಗುವಂಥ ಸದ್ದು. ಕಲ್ಲುಕೋರೆಯಲ್ಲಿ ಬಂಡೆ ಒಡೆಯುವ ಸಿಡಿಮದ್ದಿಗೆ ನಮ್ಮಲ್ಲಿ ತೋಟೆ ಎನ್ನುತ್ತಾರೆ. ಅದನ್ನು ಗುಂಡಿಗೆ ಎಸೆದಿದ್ದರು. ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ದೊಡ್ಡವನ್ನು ಬುಟ್ಟಿಗೆ ತುಂಬಿದರು, ಬೆರಳುದ್ದದ ಮರಿಗಳನ್ನು ಹಾಗೇ ಬಿಟ್ಟರು. ನಾನು ಮೀನು ತಿನ್ನುವ ಮನೆಯಲ್ಲೇ ಹುಟ್ಟಿದವಳು. ಬಲೆ ಬೀಸುವುದು ಬೇರೆ, ಈ ಕೊಲೆ ಬೇರೆ.

ಅತ್ತೆ ಒದ್ದೆ ಸೀರೆಯಲ್ಲೇ ಹತ್ತಿ ಹೋಗಿ ಜೀಪಿನ ಮುಂದೆ ಕುಳಿತರು.

"ಸಣ್ಣವನ್ನು ಯಾಕೆ ಬಿಟ್ಟಿದ್ದೀರಿ? ಎಲ್ಲವನ್ನೂ ಹೆಕ್ಕಿಯೇ ಹೋಗಿ."

"ಏಳಮ್ಮ. ನದಿ ಏನು ನಿನ್ನ ಅಪ್ಪನದಾ?" ಎಂದ ಅವರಲ್ಲೊಬ್ಬ. ದೊಡ್ಡ ಅಧಿಕಾರಿಯಂತೆ, ಆಮೇಲೆ ತಿಳಿಯಿತು.

"ನಿಮ್ಮ ಅಪ್ಪನದ್ದೂ ಅಲ್ಲ, ಅಲ್ವಾ?"

ಗಲಾಟೆ ಕೇಳಿ ನನ್ನ ಗಂಡ ಓಡಿ ಬಂದರು. ಅವರು ಸರಕಾರಿ ಶಾಲೆಯ ಮಾಸ್ಟರು. ಆ ಅಧಿಕಾರಿಯ ಮುಖ ಕಂಡದ್ದೇ ಕೈಮುಗಿದರು. "ಕ್ಷಮಿಸಿ ಸಾರ್, ಅಮ್ಮನಿಗೆ ಎಂತದ್ದೂ ಗೊತ್ತಾಗುವುದಿಲ್ಲ."

ಅತ್ತೆ ಮಗನ ಮುಖವನ್ನೊಮ್ಮೆ ನೋಡಿದರು. ಎದ್ದು ಬದಿಗೆ ಸರಿದರು. ನಾನು ಜೀಪಿನ ಹಿಂದಿನಿಂದ ಬುಟ್ಟಿ ಎಳೆದು ಮಣ್ಣಿಗೆ ಕವಿಚಿ ಹಾಕಿದೆ.

"ಎಂತ ಮಾಡ್ತಿ ನೀನು? ನನ್ನ ಕೆಲಸ ಹೋಗ್ತದೆ!"

"ಹೋಗಲಿ" ಎಂದೆ.

ಜೀಪಿನವರು ಮಣ್ಣಾದ ಮೀನನ್ನೇ ಹೆಕ್ಕಿ, ತೊಳೆದು, ನಗುತ್ತಾ ಹೋದರು. ಗಂಡನ ಕೆಲಸ ಹೋಗಲಿಲ್ಲ. ನಾವು ಅವರಿಗೆ ಅಷ್ಟು ಲೆಕ್ಕಕ್ಕೂ ಇರಲಿಲ್ಲ. ಮರಿಗಳು ಕೊಳೆತು ನೀರು ನಾರಬಾರದೆಂದು ಅತ್ತೆಯೂ ನಾನೂ ಸಂಜೆಯವರೆಗೆ ಅವನ್ನು ಬಾಚಿ ತೆಗೆದೆವು.

ಮುಂದಿನ ಬೇಸಗೆಗೆ ಮೊದಲೇ ಅತ್ತೆ ನೆರೆಯವರನ್ನು ಸೇರಿಸಿ ಜೀಪು ಇಳಿಯುವ ದಾರಿಗೆ ಬಂಡೆ ಉರುಳಿಸಿಟ್ಟರು. ಬೇಸಗೆಯಲ್ಲಿ ಜೀಪಿನವರು ಆಚೆ ದಡದಿಂದ ಬಂದರು. ಸದ್ದು ಕೇಳಿದಾಗ ನಾವು ಗಂಜಿ ಉಣ್ಣುತ್ತಿದ್ದೆವು. ಗಂಡ ತಲೆ ಎತ್ತಲಿಲ್ಲ. ಅತ್ತೆ ಮಗನ ಬಟ್ಟಲನ್ನು ಎಳೆದುಕೊಂಡರು.

"ಈ ಸಲ ನೀನು ಹೋಗಿ ಕೇಳು."

ಅವರು ಕೂತೇ ಇದ್ದರು. ನಾವಿಬ್ಬರೇ ಇಳಿದು ಹೋದೆವು.