ಸ್ಥಿರ ಶಾಖೆಗೆ ಬಾರದ ಮೋದಕ

2005ರಲ್ಲಿ ಹೊನ್ನಾವರದ ನಮ್ಮ ವಾರಪತ್ರಿಕೆಯ ಚೌತಿ ವಿಶೇಷಾಂಕ ಹೇಳಿದ ಹೊತ್ತಿಗೇ ಹೊರಬಂತು. ಅದರ ಶ್ರದ್ಧಾಂಜಲಿ ಜಾಹೀರಾತಿನ ಸುತ್ತ ಮೋದಕಗಳಿರಲಿಲ್ಲ.

ಎರಡನೆಯ ವಾಕ್ಯ ಸುದ್ದಿಯೇ ಎಂದು ನೀವು ಕೇಳಬಹುದು. ಇಂದು ಬೆಳಿಗ್ಗೆ ಪಕ್ಕದ ಮನೆಯವರು ಇಡಗುಂಜಿ ದೇವಸ್ಥಾನದ ಪಂಚಕಜ್ಜಾಯ ಪ್ರಸಾದ ತಂದುಕೊಟ್ಟರು. ಪೊಟ್ಟಣ ಬಿಚ್ಚಿದಾಗ ಬಂದ, ಒಟ್ಟಿಗೆ ಬೆರೆತ ಎಳ್ಳು ಬೆಲ್ಲದ ವಾಸನೆಗೆ ನನಗೆ ನೆನಪಾದದ್ದು ಗಣಪತಿಯಲ್ಲ, ವಸಂತಿ.

ವಸಂತಿ ಬಾಡ ಎಂಬ ಊರಿನವರು, ನಮ್ಮಲ್ಲಿ ಪುಟ ಕಟ್ಟುತ್ತಿದ್ದರು. ಪುಟ ಕಟ್ಟುವ ತಂತ್ರಾಂಶವನ್ನು ಬರೆದವನು ಕುಮಟೆಯ ವಿನಾಯಕ. ಮಾಡಿದ ಪ್ರತಿ ಬದಲಾವಣೆಯನ್ನೂ ಅವನ ಕಂಪ್ಯೂಟರ್ ಬೇರೆಬೇರೆಯಾಗಿ ದಾಖಲಿಸಿಡುತ್ತಿತ್ತು. ಬೇಡವಾದರೆ ಹಿಂದಕ್ಕೆ ಹೋಗಬಹುದಿತ್ತು. ತಂತ್ರಾಂಶಕ್ಕೆ ಎರಡು ಶಾಖೆಗಳು, ಅಂದರೆ ಬೇರೆಬೇರೆಯಾಗಿ ಬೆಳೆಯುವ ಎರಡು ಪ್ರತಿಗಳು: ಒಂದು ಹೊಸತು, ಒಂದು ಸ್ಥಿರ. ಹೊಸತರಲ್ಲಿ ವಿನಾಯಕ ಮನಸ್ಸಿಗೆ ಬಂದದ್ದನ್ನೆಲ್ಲ ಮಾಡುತ್ತಿದ್ದ. ಸ್ಥಿರ ಶಾಖೆಗೆ ದೋಷದ ದುರಸ್ತಿ ಬಿಟ್ಟು ಬೇರೇನೂ ಹೋಗಕೂಡದು. ಅದನ್ನು ಕಾಯುವವರು ವಸಂತಿ. ನಾನು ಉಪಸಂಪಾದಕ; ಹಳೆಯದನ್ನೇಕೆ ಇಷ್ಟು ಜೋಪಾನ ಮಾಡುತ್ತಾರೆಂದು ನನಗೆ ಅರ್ಥವಾಗುತ್ತಿರಲಿಲ್ಲ. ಅರ್ಥವಾದವನಂತೆ ತಲೆಯಾಡಿಸುವುದು ಮಾತ್ರ ಚೆನ್ನಾಗಿ ಬರುತ್ತಿತ್ತು.

ಆ ವರ್ಷ ಸ್ಥಿರ ಶಾಖೆಯಲ್ಲೊಂದು ದೋಷ ಕಂಡಿತು: ಉದ್ದದ ತಲೆಬರಹದ ಬಾಲ ತುಂಡಾಗುತ್ತಿತ್ತು. ವಿನಾಯಕ ಸರಿಪಡಿಸಿದ. ಆದರೆ ಅದೇ ಬದಲಾವಣೆಯೊಳಗೆ ಚೌತಿಗೆಂದು ಜಾಹೀರಾತಿನ ಚೌಕಟ್ಟುಗಳಿಗೆ ಮೋದಕದ ಅಂಚನ್ನೂ ಸೇರಿಸಿಟ್ಟ. ವಸಂತಿ ಅದನ್ನು ಸ್ಥಿರ ಶಾಖೆಯೊಳಗೆ ಬಿಡಲಿಲ್ಲ. ಸಂಪಾದಕರಿಗೆ ಬೇಸರ ಬಂತು.

“ಎರಡೆರಡು ಎಂತಕ್ಕೆ ವಸಂತಿ? ಈ ಸಂಚಿಕೆ ಹೊಸದ್ರಲ್ಲೇ ಆಗ್ಲಿ. ಸರಿ ಬಂದ್ರೆ ನಿನ್ನ ಶಾಖೆ ಮುಚ್ಚುದೇ.”

ವಸಂತಿ “ಆತು” ಎಂದರು. ಮೂರು ವರ್ಷ ಸಾಕಿದ ಕೆಲಸವದು; ಅಂದು ಚಹಾವನ್ನೂ ಕುಡಿಯಲಿಲ್ಲ.

ಕರಡು ಪುಟ ಬಂತು. ಅಂಗಡಿಗಳ ಶುಭಾಶಯಗಳ ಸುತ್ತ ಮೋದಕ, ಚಂದವೇ. ಕೆಳಗೆ ನಿವೃತ್ತ ಹೆಡ್‌ಮಾಸ್ತರರ ಶ್ರದ್ಧಾಂಜಲಿ. ಅವರ ಗಂಭೀರ ಮುಖದ ಸುತ್ತಲೂ ಮೋದಕವೇ. ಕೈಯಿಂದ ಅಳಿಸಿದರೆ, ಪುಟ ಉಳಿಸುವಾಗ ಮತ್ತೆ ಹಾಜರು. ಸ್ಥಿರ ಶಾಖೆಗೆ ಮರಳೋಣವೆಂದರೆ ಅಲ್ಲಿ ತಲೆಬರಹಕ್ಕೆ ಬಾಲವಿಲ್ಲ. ಅಷ್ಟರಲ್ಲಿ ಭಟ್ಕಳದ ಮುದ್ರಣಾಲಯದ ಭಾಯಿಯ ಫೋನು: “ಪುಟ ಎಲ್ಲುಂಟು ಮಾರಾಯ್ರೆ? ಮಶೀನು ಖಾಲಿ ನಿಂತದೆ!”

ವಸಂತಿ ಕುಮಟೆಗೆ ಫೋನು ಹಚ್ಚಿದರು. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುತ್ತಿತ್ತು.

“ಎಂತದಾ ವಿನಾಯಕ, ಸತ್ತವರಿಗೂ ಮೋದಕ ಹಂಚ್ತೀಯಾ?”

“ಅಯ್ಯೋ ವಸಂತಕ್ಕ! ಚೌಕಟ್ಟು ಅಂದ್ರೆ ಎಲ್ಲಾ ಚೌಕಟ್ಟಿಗೂ ಬಂತಾ?”

“ಬಂತು. ಮಾಸ್ತರ್ರು ನಿನ್ನನ್ನೇ ನೋಡ್ತಾ ಇದ್ರು. ತಲೆಬರಹದ ಜೊತೆ ಅದನ್ನ ಯಾಕೆ ಸೇರಿಸ್ದೆ?”

“ಎರಡೂ ಸಣ್ಣದೇ ಅಲ್ವಾ ಅಂತ ಒಟ್ಟಿಗೆ ಹಾಕ್ದೆ.”

“ಒಟ್ಟಿಗೆ ಹಾಕೂಕೆ ಇದೆಂತ ಪಂಚಕಜ್ಜಾಯವಾ? ತಲೆಬರಹದ್ದು ಒಂದೇ ಬೇರೆ ಮಾಡಿ ಕಳ್ಸು.”

ಸಂಪಾದಕರು ಮೊದಲು ನಕ್ಕರು. ಆಮೇಲೆ ನಾವೂ ನಗಬಹುದು ಎಂದಾಯಿತು. ವಿನಾಯಕ ಎರಡನ್ನೂ ಬಿಡಿಸಿ, ದುರಸ್ತಿಯನ್ನಷ್ಟೇ ಇಂಟರ್ನೆಟ್ಟಿನಲ್ಲಿ ಕಳಿಸಿದ. ವಸಂತಿ ಅದನ್ನು ಸ್ಥಿರ ಶಾಖೆಗೆ ಸೇರಿಸಿ, ಮೊದಲು ಹಳೆಯ ಸಂಚಿಕೆಯ ಪುಟವೊಂದರ ಮೇಲೆ ಪರೀಕ್ಷಿಸಿದರು. ಭಾಯಿ ಮತ್ತೆ ಫೋನು ಮಾಡಿದರೂ ಆ ಪರೀಕ್ಷೆ ಬಿಡಲಿಲ್ಲ. ಆಮೇಲೆ ಪುಟಗಳನ್ನು ಹೊಸದಾಗಿ ಕಟ್ಟಿದರು. ತಲೆಬರಹಗಳಿಗೆ ಬಾಲ ಬಂದಿತ್ತು. ಮಾಸ್ತರರ ಸುತ್ತ ಸಪೂರ ಕಪ್ಪು ಗೆರೆ. ಸಿ.ಡಿ. ಭಟ್ಕಳದ ಬಸ್ಸು ಹತ್ತಿತು.

“ಶಾಖೆ ಇರ್ಲಿ,” ಎಂದರು ಸಂಪಾದಕರು.

“ಇತ್ತಲ್ಲ,” ಎಂದು ವಸಂತಿ ಚಹಾ ತರಿಸಿದರು, ಎಲ್ಲರಿಗೂ.

ಇಂದು ಪಂಚಕಜ್ಜಾಯ ತಿಂದು ಕೈತೊಳೆದು ವಸಂತಿಗೆ ಫೋನು ಮಾಡಿದೆ. ಪತ್ರಿಕೆ ಈಗ ಬೇರೆ ತಂತ್ರಾಂಶಕ್ಕೆ ಹೋಗಿದೆ. ಆದರೆ ಭಟ್ಕಳದ ಭಾಯಿ ಮದುವೆ ಕಾಗದಗಳನ್ನು ಈಗಲೂ ಆ ಸ್ಥಿರ ಶಾಖೆಯಲ್ಲೇ ಕಟ್ಟುತ್ತಾರಂತೆ; ಅದನ್ನು ಕಾಯುವವರು ಇಂದಿಗೂ ವಸಂತಿಯೇ. ಅದಕ್ಕೆ ಕೊನೆಯ ಬದಲಾವಣೆ ಹೋದದ್ದು ಕಳೆದ ತಿಂಗಳು, ವಿನಾಯಕನಿಂದ. ಜೊತೆಗಿದ್ದ ಟಿಪ್ಪಣಿಯನ್ನು ವಸಂತಿ ಓದಿ ಹೇಳಿದರು: “ಹೊಸ ಪ್ರಿಂಟರಿಗೆ ಎಡಗಡೆಯ ಜಾಗ ಸರಿಮಾಡಿದೆ. ಬೇರೆ ಎಂತದೂ ಸೇರಿಸಲಿಲ್ಲ, ವಸಂತಕ್ಕ.”