ಹೋಬರ್ಟನ ಐಸ್ ಬಕೆಟ್ಟು

ಅಲಾಸ್ಕದ ಆಲ್ಡರ್ ಹೊಳೆಯ ದಡದ ಆ ಪುಟ್ಟ ಊರಿನಲ್ಲಿ ಯಾರಿಗಾದರೂ ಹಲ್ಲುನೋವು ಬಂದರೆ ತೊಂಬತ್ತು ಮೈಲಿ ಕಾರು ಓಡಿಸಬೇಕಾಗಿತ್ತು. ಪಿಸ್ತೂಲು ಆರಿಸುವುದಕ್ಕೆ ಮಾತ್ರ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಮೊಳೆ, ಹಗ್ಗ, ಗಾಳದ ದಾರ ಮಾರುವ ಅಂಗಡಿಯ ಹಿಂಭಾಗದಲ್ಲಿ, ಗಾಜಿನ ಕಟ್ಟೆಯ ಹಿಂದೆ, ಹೋಬರ್ಟ್ ಲಿಂಡ್‌ಕ್ವಿಸ್ಟ್ ನಿಂತಿರುತ್ತಿದ್ದ. ಇಪ್ಪತ್ನಾಲ್ಕು ವರ್ಷ ಹಾಗೆ ನಿಂತ. ಅದಕ್ಕೂ ಮೊದಲು ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದನಾದ್ದರಿಂದ ಅವನ ಉಗುರುಗಳ ಅಂಚಿನ ಕಪ್ಪು ಕೊನೆಯವರೆಗೂ ಹೋಗಲಿಲ್ಲ.

ಆ ಊರಿನವರಿಗೆ ಪಿಸ್ತೂಲು ಬೇಕಾಗುತ್ತಿದ್ದುದು ಮನುಷ್ಯರಿಗಾಗಿ ಅಲ್ಲ. ಬೇಸಗೆಯಲ್ಲಿ ಸಾಲ್ಮನ್ ಮೀನು ಹೊಳೆಗೆ ಏರಿ ಬರುತ್ತದೆ. ಮೀನು ಬಂದಲ್ಲಿಗೆ ಜನ ಬರುತ್ತಾರೆ, ಕಂದು ಕರಡಿಯೂ ಬರುತ್ತದೆ. ಒಂದೇ ಪಂಕ್ತಿಯ ಊಟಕ್ಕೆ ಇಬ್ಬರು ಹಸಿದವರು ಕುಳಿತ ಹಾಗೆ. ನೂರರಲ್ಲಿ ತೊಂಬತ್ತೊಂಬತ್ತು ಸಲ ಕರಡಿಯೇ ದಾರಿ ಬಿಡುತ್ತದೆ. ಉಳಿದ ಆ ಒಂದು ಸಲಕ್ಕಾಗಿ ಜನ ಸೊಂಟದಲ್ಲಿ ಬಲವಾದ ತೋಟಾದ ಪಿಸ್ತೂಲು ಕಟ್ಟಿಕೊಂಡು ಓಡಾಡುತ್ತಿದ್ದರು.

ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಹೋಬರ್ಟ್ ಒಂದು ತಪ್ಪು ಮಾಡಿದ. ಮರಗೆಲಸದ ಮೆರಿಲ್ ಓಕ್ಸ್ ಎಂಬ ಭಾರೀ ಎತ್ತರದ ಮನುಷ್ಯನಿಗೆ ಹತ್ತು ಮಿಲಿಮೀಟರ್ ತೋಟಾದ ಪಿಸ್ತೂಲೊಂದನ್ನು ಕೊಟ್ಟು ಕಳುಹಿಸಿದ. ಜುಲೈ ತಿಂಗಳ ಬಿಸಿಲಿನಲ್ಲಿ, ಒಣಗಿದ ಬೆಚ್ಚನೆಯ ಕೈಯಲ್ಲಿ, ಮೆರಿಲ್ ಅದನ್ನು ಹಾರಿಸಿ ಹೂವಿನಂತಿದೆ ಎಂದ. ಸೆಪ್ಟೆಂಬರಿನಲ್ಲಿ ಮೊಣಕಾಲುದ್ದ ಹೊಳೆಯಲ್ಲಿ ನಿಂತು ಮೀನು ಸೀಳುತ್ತಿದ್ದಾಗ ಕರಡಿ ಬಂತು. ಮರಗಟ್ಟಿದ ಕೈಯಲ್ಲಿ ಹಿಡಿತ ಸಡಿಲವಾಗಿತ್ತು. ಇಂಥ ಪಿಸ್ತೂಲು ಗುಂಡಿನ ಒದೆತದಿಂದಲೇ ಮುಂದಿನ ತೋಟಾವನ್ನು ಏರಿಸಿಕೊಳ್ಳುತ್ತದೆ. ಹಿಡಿದ ಮಣಿಕಟ್ಟು ಗಟ್ಟಿಯಾಗಿ ನಿಲ್ಲದಿದ್ದರೆ ನಡುವೆಯೇ ಸಿಕ್ಕಿಕೊಂಡು ಬಿಡುತ್ತದೆ. ಒಂದು ಗುಂಡು ಆಕಾಶಕ್ಕೆ ಹಾರಿತು, ಎರಡನೆಯದು ಸಿಕ್ಕಿಕೊಂಡಿತು. ಪುಣ್ಯಕ್ಕೆ ಕರಡಿ ಸದ್ದಿಗೇ ಬೆದರಿ ತಿರುಗಿತು. ಮೆರಿಲ್ ಅಂಗಡಿಗೆ ಬಂದು ಪಿಸ್ತೂಲನ್ನು ಕಟ್ಟೆಯ ಮೇಲಿಟ್ಟು, "ಹೋಬ್, ನೀನು ಮಾರಿದ್ದು ಜುಲೈ ತಿಂಗಳ ಪಿಸ್ತೂಲು ಕಣಯ್ಯ" ಎಂದಷ್ಟೇ ಹೇಳಿ ಹೊರಟುಹೋದ.

ಮಾರನೆಯ ದಿನದಿಂದ ಕಟ್ಟೆಯ ಮೇಲೆ ತಗಡಿನ ಬಕೆಟ್ಟೊಂದು ಬಂದು ಕುಳಿತಿತು. ಅದರ ತುಂಬ ನೀರು, ನೀರಿನ ತುಂಬ ಐಸು. ಪಿಸ್ತೂಲು ಕೇಳಲು ಬಂದವರು ಮೊದಲು ಎರಡೂ ಕೈಗಳನ್ನು ಅದರಲ್ಲಿ ಎರಡು ನಿಮಿಷ ಅದ್ದಿಡಬೇಕು. ಆಮೇಲೆ ಆ ಒದ್ದೆ ಕೈಯಿಂದಲೇ ಖಾಲಿ ಪಿಸ್ತೂಲಿನ ಮೇಲ್ಭಾಗದ ಉಕ್ಕಿನ ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದು ಬಿಡಬೇಕು, ಒಂದಲ್ಲ, ಐದು ಸಲ. ಅದಾದರೆ ಅಂಗಡಿಯ ಹಿಂದಿನ ಜಲ್ಲಿಗುಂಡಿಗೆ ಹೋಗಿ ಪೂರ್ಣ ಬಲದ ಐದು ತೋಟಾ ಹಾರಿಸಬೇಕು. ನಡುವೆ ಸಿಕ್ಕಿಕೊಂಡರೆ ಮಾರಾಟವಿಲ್ಲ. ಮೊದಮೊದಲು ಜನ ನಕ್ಕರು. ವರ್ಷ ಕಳೆಯುವುದರೊಳಗೆ ಬೇರೆ ಊರಿನವರೂ ಬಕೆಟ್ಟು ಹುಡುಕಿಕೊಂಡು ಬರತೊಡಗಿದರು.

ಫೆನ್ಯಾ ಮೊದಲ ಸಲ ಬಂದಾಗ ಇಪ್ಪತ್ತಾರು ವರ್ಷದವಳು. ಆ ಹೊಳೆಯ ಮೂಲನಿವಾಸಿಗಳ ಮನೆತನದ ಹುಡುಗಿ. ಹೊಳೆಗೆ ಅಡ್ಡವಾಗಿ ಸರಕಾರ ಕಟ್ಟಿದ ಬೇಲಿಯ ಬಳಿ ಕುಳಿತು, ಮೇಲೇರುವ ಮೀನುಗಳನ್ನು ಎಣಿಸುವ ಕೆಲಸಕ್ಕೆ ಆಗತಾನೆ ಸೇರಿದ್ದಳು.

"ನಿಮ್ಮಲ್ಲಿರೋದ್ರಲ್ಲಿ ಎಲ್ಲಕ್ಕಿಂತ ಜೋರಾಗಿರೋದು ಕೊಡಿ" ಎಂದಳು.

"ಯಾರ ಮೇಲಮ್ಮ ಕೋಪ?"

"ದಿನಾ ಸಂಜೆ ನನ್ನ ಬೇಲಿ ಹತ್ರ ಒಂದು ಗಂಡು ಬರತ್ತೆ. ಎಂಟುನೂರು ಪೌಂಡಾದ್ರೂ ಇದೆ."

"ಕರಡಿ ತಾನೆ? ನಾನು ಸಂಬಂಧ ಕುದುರ್ತಿದೆಯೇನೋ ಅಂದ್ಕೊಂಡೆ."

ಫೆನ್ಯಾ ನಗಲಿಲ್ಲ. ಬಕೆಟ್ಟಿನಲ್ಲಿ ಕೈ ಅದ್ದಿದಳು. ಅವಳು ಬೊಟ್ಟು ಮಾಡಿದ್ದು ಹದಿನೈದು ತೋಟಾ ತುಂಬುವ ದಪ್ಪ ಹಿಡಿಯ ಪಿಸ್ತೂಲು. ಅವಳ ಅಂಗೈ ಚಿಕ್ಕದು. ಹಿಡಿಯನ್ನು ಸುತ್ತಿದ ಬೆರಳು ಟ್ರಿಗರಿನ ತುದಿಯನ್ನಷ್ಟೇ ಮುಟ್ಟಿತು. ಹೋಬರ್ಟ್ ಅದನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಅದೇ ತೋಟಾದ, ಆದರೆ ಸಪೂರ ಹಿಡಿಯ ಇನ್ನೊಂದನ್ನು ಮುಂದಿಟ್ಟ.

"ಇದರಲ್ಲಿ ಎಂಟೇ ಹಿಡಿಸೋದು" ಎಂದು ಫೆನ್ಯಾ ಮುಖ ಸಿಂಡರಿಸಿದಳು.

"ಹದಿನೈದು ತಪ್ಪೋದಕ್ಕಿಂತ ಎಂಟು ತಗಲೋದು ಮೇಲು."

"ಹೆಂಗಸು ಅಂತ ಚಿಕ್ಕದು ಕೊಡ್ತಿದೀರಾ?"

"ಕೈ ಅಂತ ಕೊಡ್ತಿದೀನಿ ಕಣಮ್ಮ. ಕರಡಿ ನಿನ್ನ ಗಂಡಸೋ ಹೆಂಗಸೋ ಅಂತ ಕೇಳಲ್ಲ, ನಿನ್ನ ಕೈ ಎಷ್ಟುದ್ದ ಅಂತಾನೂ ಕೇಳಲ್ಲ. ಅದಕ್ಕೇ ನಾನು ಮೊದಲೇ ಕೇಳಿಬಿಡ್ತೀನಿ. ಇನ್ನೊಂದು ಮಾತು. ಮೊದಲು ಬಾಯಿ, ಆಮೇಲೆ ಖಾರದ ಸ್ಪ್ರೇ, ಕಟ್ಟಕಡೆಗೆ ಇದು. ಕೂಗೋದಕ್ಕೆ ನಾಚ್ಕೋಬೇಡ."

ಅವಳು ಬಾಗಿಲನ್ನು ಧಡಾರನೆ ಎಳೆದುಕೊಂಡು ಹೋದಳು. ನಾಲ್ಕನೆಯ ದಿನ ಬಂದು ಆ ಸಪೂರ ಹಿಡಿಯದನ್ನೇ ಕೊಂಡಳು. ಮುಂದೆ ಎಂಟು ಹತ್ತು ವರ್ಷ ಕಳೆದ ಮೇಲೆ ಚಳಿಗಾಲದಲ್ಲಿ ಮೀನಿಲ್ಲದಾಗ ಅದೇ ಕಟ್ಟೆಯ ಹಿಂದೆ ಅವನ ಪಕ್ಕದಲ್ಲಿ ನಿಲ್ಲತೊಡಗಿದಳು. ಅಷ್ಟು ಹೊತ್ತಿಗೆ ಬಹುವಚನ ಹೋಗಿ ಏಕವಚನ ಬಂದಿತ್ತು. ಹೋಬರ್ಟ್ ನಿವೃತ್ತನಾದಾಗ ಕಟ್ಟೆಯೂ ಬಕೆಟ್ಟೂ ಅವಳ ಪಾಲಿಗೆ ಬಂದವು, ಬೇಲಿಯ ಕೆಲಸ ಬೇಸಗೆಯ ಸಂಜೆಗಳಿಗೆ ಉಳಿಯಿತು.

ನಿವೃತ್ತನಾದ ಹೋಬರ್ಟನಿಗೆ ವರ್ಷವೆಂದರೆ ಹತ್ತು ದಿನ. ಸೆಪ್ಟೆಂಬರಿನಲ್ಲಿ ಬೆಳ್ಳಿ ಸಾಲ್ಮನ್ ಏರುವಾಗ ಹೊಳೆಯ ಮೇಲ್ದಂಡೆಯ ತನ್ನ ಮರದ ಗುಡಿಸಲಿಗೆ ಒಬ್ಬನೇ ಹೋಗುತ್ತಿದ್ದ. ಬರ್ಚ್ ಎಲೆ ಹಳದಿಗೆ ತಿರುಗಿರುತ್ತಿತ್ತು, ಗುಡಿಸಲಿನಲ್ಲಿ ಕಾಫಿ ಕುದಿಯುತ್ತಿತ್ತು, ಹೊಗೆಮನೆಯಲ್ಲಿ ಮೀನಿನ ಪಟ್ಟಿಗಳು ತೂಗಾಡುತ್ತಿದ್ದವು. ಉಳಿದ ಮುನ್ನೂರ ಐವತ್ತೈದು ದಿನಗಳನ್ನು ಅವನು ಆ ಹತ್ತು ದಿನಗಳ ನೆನಪಿನಲ್ಲೋ ನಿರೀಕ್ಷೆಯಲ್ಲೋ ಕಳೆಯುತ್ತಿದ್ದ.

ಅವನ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅದಕ್ಕೆ ಸಂಚಕಾರ ಬಂತು. ಬಲಗೈ ಹೆಬ್ಬೆರಳಿನ ಬುಡ ಸಂಧಿವಾತದಿಂದ ಗಂಟುಕಟ್ಟಿತ್ತು. ಹಿಂದಿನ ವರ್ಷವೇ ಹೊಳೆಯ ಬಳಿ ಸ್ಲೈಡ್ ಎಳೆಯಲಾಗದೆ, ಮನೆಯಲ್ಲಿಯೇ ಮೊಣಕಾಲ ನಡುವೆ ಪಿಸ್ತೂಲನ್ನು ಇರುಕಿಸಿಕೊಂಡು ತೋಟಾ ಏರಿಸಿಟ್ಟುಕೊಂಡು ಹೊರಟಿದ್ದ. ಈ ವರ್ಷ ಹಾಗೆ ಮಾಡುವಾಗ ಹೆಂಡತಿ ಇಡಾ ನೋಡಿಬಿಟ್ಟಳು. ಅಡಿಗೆಮನೆಯ ಬಾಗಿಲಲ್ಲಿ, ಸಾಲ್ಮನ್ ಕಡುಬಿನ ಹಿಟ್ಟು ಮೆತ್ತಿದ ಕೈಯಲ್ಲಿ ನಿಂತು ಕೇಳಿದಳು:

"ಅದೇನು, ಪಿಸ್ತೂಲಿಗೆ ಹೆರಿಗೆ ಮಾಡಿಸ್ತಿದೀಯಾ?"

"ಎಣ್ಣೆ ಆರಿದೆ, ಅದಕ್ಕೆ ಬಿಗಿ."

"ಎಣ್ಣೆ ಆರಿರೋದು ನಿನ್ನ ಹೆಬ್ಬೆಟ್ಟಿಂದು. ನೋಡು ಹೋಬ್, ಊರಿಗೆಲ್ಲ ಬಕೆಟ್ ಹಿಡಿದೋನು ನೀನು. ಹೋಗಿ ಫೆನ್ಯಾ ಮುಂದೆ ಕೈ ಅದ್ದು. ಗೆದ್ದು ಬಂದ್ಯೋ, ನಾನೇ ಬುತ್ತಿ ಕಟ್ಟಿ ಕಳಿಸ್ತೀನಿ. ಇಲ್ದಿದ್ರೆ ಒಬ್ಬನೇ ಗುಡಿಸಲಿಗೆ ಹೋಗೋ ಮಾತೇ ಬೇಡ."

ನಲವತ್ತಾರು ವರ್ಷದ ಸಂಸಾರದಲ್ಲಿ ಇಡಾ 'ಮಾತೇ ಬೇಡ' ಎಂದದ್ದು ಮೂರೋ ನಾಲ್ಕೋ ಸಲ. ಅಷ್ಟೂ ಸಲ ಆ ಮಾತು ಅಲ್ಲಿಗೇ ಮುಗಿದಿತ್ತು.

ಹೋಬರ್ಟ್ ಅಂಗಡಿಗೆ ಹೊರಟ. ಹೋಗುವ ಮುನ್ನ, ಆ ಊರಿನ ಗಾಳದವರಷ್ಟೇ ಮಾಡಬಲ್ಲ ಒಂದು ಕಳ್ಳತನ ಮಾಡಿದ. ಅಲುಗಾಡಿಸಿದರೆ ಗಂಟೆಗಟ್ಟಲೆ ಕಾವು ಕೊಡುವ ಪೊಟ್ಟಣಗಳನ್ನು ಅವರು ಚಳಿಯಲ್ಲಿ ಕೈಗವಸಿನೊಳಗೆ ಇಟ್ಟುಕೊಳ್ಳುತ್ತಾರೆ. ಅಂಥವು ನಾಲ್ಕನ್ನು ಕೈಗೆರಡರಂತೆ ಗವಸುಗಳೊಳಗೆ ತುರುಕಿಕೊಂಡ. ದಾರಿಯುದ್ದಕ್ಕೂ ಬೆರಳು ಸುಡುತ್ತಿದ್ದವು. ಮಗ್ಗಿ ಬಾರದ ಹುಡುಗ ಅಂಗೈಯಲ್ಲಿ ಬರೆದುಕೊಂಡು ಶಾಲೆಗೆ ಹೋದಂತಿತ್ತು ಅವನ ನಡಿಗೆ.

ಫೆನ್ಯಾ ಏನೂ ಕೇಳದೆ ಬಕೆಟ್ಟಿಗೆ ಐಸು ಸುರಿದಳು. ಹೋಬರ್ಟ್ ಗವಸು ಕಳಚಿ ಕೈ ಅದ್ದಿದ. ಅರ್ಧ ನಿಮಿಷವಾಗುತ್ತಲೇ ಅವಳು ಬಾಗಿ ನೋಡಿದಳು.

"ಕೈ ಯಾಕೋ ಬೇಯಿಸಿದ ಏಡಿ ಥರ ಕೆಂಪಗಿದೆ?"

"ರಕ್ತ ಚೆನ್ನಾಗಿದೆ."

"ಹೌದೌದು. ನಿನ್ನ ರಕ್ತ ಪೊಟ್ಟಣದಲ್ಲಿ ಬರತ್ತೆ ಅಂತ ಕಾಣತ್ತೆ" ಎಂದು ಅವಳು ಗವಸನ್ನು ಎತ್ತಿ ಕೊಡವಿದಳು. ಪೊಟ್ಟಣಗಳೆರಡು ಗಾಜಿನ ಮೇಲೆ ಟಪ್ಪೆಂದು ಬಿದ್ದವು. "ಮುದುಕಾ, ನಿನ್ನ ಕಾಲದಲ್ಲಿ ಈ ಉಪಾಯ ಎಷ್ಟು ಜನ ಮಾಡಿದ್ರು?"

"ಮೂರು ಜನ" ಎಂದ ಹೋಬರ್ಟ್, ತಲೆ ಎತ್ತದೆ.

"ಅವರಿಗೇನು ಮಾಡ್ತಿದ್ದೆ?"

"ಎರಡು ನಿಮಿಷದ ಬದಲು ನಾಲ್ಕು."

ನಾಲ್ಕು ನಿಮಿಷವಾಯಿತು. ಅವನು ತನ್ನದೇ ಪಿಸ್ತೂಲನ್ನು ಎತ್ತಿಕೊಂಡ. ಇಪ್ಪತ್ತು ವರ್ಷದ ಒಡನಾಡಿ. ಸ್ಲೈಡ್ ಅರ್ಧ ಹಿಂದಕ್ಕೆ ಬಂದು ಒದ್ದೆ ಬೆರಳಿನಿಂದ ಜಾರಿತು. ಇನ್ನೊಮ್ಮೆ ಎಳೆದ, ಜಾರಿತು. ಮೂರನೆಯ ಸಲ ನೋವಿಗೆ ಕಣ್ಣಲ್ಲಿ ನೀರು ಬಂತು. ಫೆನ್ಯಾ ಮುಖ ತಿರುಗಿಸಿ ತೋಟಾದ ಡಬ್ಬಿಗಳನ್ನು ಸುಮ್ಮನೆ ಜೋಡಿಸುತ್ತ ನಿಂತಳು.

ಆಮೇಲೆ ಇಬ್ಬರೂ ಸೇರಿ ಕಪಾಟಿನಲ್ಲಿದ್ದುದನ್ನೆಲ್ಲ ಹೊರಗೆ ತೆಗೆದರು. ಸ್ಲೈಡ್ ಹಗುರವಾಗಿ ಬರುವ ಒಂಬತ್ತು ಮಿಲಿಮೀಟರಿನದನ್ನು ಅವಳು ಕೊಟ್ಟಾಗ, "ಇದು ಕರಡಿಗೆ ಸಿಟ್ಟು ಬರಿಸೋದಕ್ಕೆ ಸಾಕು" ಎಂದು ಅವನೇ ಬದಿಗಿಟ್ಟ. ಎಳೆಯುವ ಗೋಜಿಲ್ಲದ, ಆರು ತೋಟಾದ ದೊಡ್ಡ ರಿವಾಲ್ವರನ್ನು ಜಲ್ಲಿಗುಂಡಿಗೆ ಒಯ್ದರು. ಮೊದಲ ಗುಂಡು ಗುರಿಗೆ ತಗಲಿತು. ಒದೆತಕ್ಕೆ ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ಮಿಂಚು ಹರಿದಂತಾಯಿತು. ಎರಡನೆಯದು ಅಡಿ ದೂರ ಹೋಯಿತು. ಮೂರನೆಯದಕ್ಕೆ ಕೈ ಏಳಲೇ ಇಲ್ಲ.

"ನಾನು ನನ್ನ ಹಳೇದನ್ನೇ ಹಿಡ್ಕೊಂಡು ಹೋಗ್ತೀನಿ" ಎಂದ ಹೋಬರ್ಟ್. "ಮನೇಲೇ ಏರಿಸ್ಕೊಂಡು ಹೋದ್ರಾಯ್ತು."

"ಹೋಗು. ಮೊದಲನೇ ಗುಂಡು ಹಾರತ್ತೆ. ಸಿಕ್ಕಿಹಾಕ್ಕೊಂಡ್ರೆ?"

ಅದೇ ಪ್ರಶ್ನೆಯನ್ನು ಆ ಗುಂಡಿಯ ಅಂಚಿನಲ್ಲಿ ನಿಂತು ಹೋಬರ್ಟ್ ಎಷ್ಟು ಜನರಿಗೆ ಕೇಳಿದ್ದನೋ. ಕೆಳಗೆ ಬಿದ್ದಿದ್ದ ಹಳೆಯ ಹಿತ್ತಾಳೆಯ ಖಾಲಿ ತೋಟಾಗಳನ್ನು ಬೂಟಿನ ತುದಿಯಿಂದ ಒಂದೆಡೆ ಸರಿಸಿದ. ಆಮೇಲೆ, ಸಾಲ ಕೇಳುವವನ ದನಿಯಲ್ಲಿ ಕೇಳಿದ:

"ನಿನ್ನ ಬೇಲಿ ಕೆಲಸ ಯಾವತ್ತು ಮುಗಿಯತ್ತೆ?"

"ಹತ್ತನೇ ತಾರೀಕು."

"ಗುಡಿಸಲಲ್ಲಿ ಎರಡು ಮಂಚ ಇದೆ. ಒಂದರ ಮೇಲೆ ಬರೀ ಬಲೆ ಇಟ್ಟಿದೀನಿ."

"ಬಲೆ ತೆಗಿ. ಇಡಾನೂ ಬರ್ಲಿ, ನಾನು ಮಲಗೋಕೆ ಆರಾಮ ಕುರ್ಚಿ ತರ್ತೀನಿ. ಅಡಿಗೆ ನಿಂದು" ಎಂದಳು ಫೆನ್ಯಾ. "ಕಾಫಿ ಮಾತ್ರ ನೀನು ಮಾಡಬೇಡ, ಟಾರ್ ಕುಡಿದ ಹಾಗಿರತ್ತೆ."

ಇಡಾ ಗುಡಿಸಲಿನಲ್ಲಿ ಮೊದಲ ನಾಲ್ಕು ದಿನ ಇದ್ದು, ಸೊಳ್ಳೆಗಳಿಗೂ ಹೋಬರ್ಟನ ಗೊರಕೆಗೂ ಶಾಪ ಹಾಕಿ ಊರಿಗೆ ಮರಳಿದಳು. ಐದನೆಯ ಬೆಳಿಗ್ಗೆ ಹೊಳೆಯ ಮೇಲೆ ಮಂಜಿತ್ತು. ಹೋಬರ್ಟ್ ದಡದ ಕಲ್ಲಿನ ಮೇಲೆ ಮೀನು ಸೀಳುತ್ತಿದ್ದ. ಮೂರು ಮಾರು ಆಚೆ ಫೆನ್ಯಾ ನಿಂತಿದ್ದಳು. ತಿರುವಿನ ಕಡೆಯ ಪೊದೆ ಅಲುಗಿ, ಕಂದು ಕರಡಿಯೊಂದು ನೀರಿಗೆ ಇಳಿಯಿತು.

"ಹೋಯ್! ಹೋಯ್ ಕರಡೀ!" ಎಂದು ಫೆನ್ಯಾ ಗಟ್ಟಿಯಾಗಿ ಕೂಗಿದಳು. ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದಿದ್ದಳು, ಮಣಿಕಟ್ಟುಗಳು ಬಿಗಿಯಾಗಿದ್ದವು. ಹೋಬರ್ಟ್ ಎದ್ದು ಅವಳ ಪಕ್ಕ ನಿಂತು ಖಾರದ ಸ್ಪ್ರೇ ಡಬ್ಬಿಯನ್ನು ಎಡಗೈಯಲ್ಲಿ ಹಿಡಿದ. ಕರಡಿ ಮೊಣಕಾಲುದ್ದ ನೀರಿನಲ್ಲಿ ನಿಂತು ಅವರನ್ನು ನೋಡಿತು.

ಆ ಹೊಳೆಯಲ್ಲಿ ಹೋಬರ್ಟ್ ನಲವತ್ತು ಐವತ್ತು ಕರಡಿಗಳಿಗೆ ಎದುರು ನಿಂತಿದ್ದ. ಪ್ರತಿ ಸಲವೂ ಅವನು ನೋಡಿದ್ದು ಗುರಿಯಿಡಬೇಕಾದ, ಭುಜದ ಕೆಳಗಿನ ಒಂದು ಅಂಗೈಯಗಲದ ಜಾಗವನ್ನು ಮಾತ್ರ. ಈಗ ಆ ಕೆಲಸ ಫೆನ್ಯಾಳದಾಗಿತ್ತು, ಅವನು ಮೊದಲ ಸಲ ಇಡೀ ಕರಡಿಯನ್ನು ನೋಡಿದ. ಅದರ ಮೂತಿಗೆ ಕೆಂಪು ಮೀನುಮೊಟ್ಟೆಗಳು ಮಣಿಗಳಂತೆ ಅಂಟಿದ್ದವು. ಹೊಟ್ಟೆಯ ಒದ್ದೆ ರೋಮದಿಂದ ನೀರು ತೊಟ್ಟಿಕ್ಕುತ್ತಿತ್ತು. ಉಸಿರು ಬಿಟ್ಟಾಗ ಮಂಜಿನೊಳಗೆ ಇನ್ನೊಂದು ಮಂಜು ಎದ್ದು ಕರಗಿತು. ಕರಡಿ ಒಮ್ಮೆ ತಲೆ ಕೊಡವಿತು, ಬೇಸರವಾದಂತೆ ತಿರುಗಿತು, ಆಚೆ ದಡ ಹತ್ತಿ ಪೊದೆಯೊಳಗೆ ಹೋಯಿತು.

ಫೆನ್ಯಾ ಉಸಿರು ಬಿಟ್ಟು ಪಿಸ್ತೂಲನ್ನು ಸೊಂಟಕ್ಕೆ ಸೇರಿಸಿದಳು.

"ಅದರ ಎಡಗಿವಿ ಹರಿದಿತ್ತು, ನೋಡಿದ್ಯಾ?" ಎಂದ ಹೋಬರ್ಟ್.

"ನಾನೆಲ್ಲಿ ನೋಡ್ಲಿ? ನಾನು ಭುಜ ನೋಡ್ತಿದ್ದೆ."

"ಹರಿದಿತ್ತು" ಎಂದ ಅವನು, ಆಚೆ ದಡವನ್ನೇ ನೋಡುತ್ತ. "ಹಳೇ ಗಾಯ. ಪೂರ್ತಿ ಮಾಗಿತ್ತು."