ಎಲೆ ಕೋಣೆಯ ಕೆಳಗಿನ ಕಿಂಡಿ

ನನ್ನ ಮಾವನವರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರುಗಪ್ಪಾಗಿರುತ್ತಿತ್ತು. ಸವಣೂರಿನಲ್ಲಿ ಅವರದು ವೀಳ್ಯದೆಲೆ ವ್ಯಾಪಾರ; ತೊಟ್ಟು ಚಿವುಟಿ ಚಿವುಟಿ ಹತ್ತಿದ ಬಣ್ಣ ಅದು. ಸೊಸೆಯೊಂದಿಗೆ ಮಾವ ನೇರವಾಗಿ ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಅವರು ಹೊಸ್ತಿಲಲ್ಲಿ ಕೆಮ್ಮಿದರೆ ನಾನು ಒಳಗೆ ಸರಿಯುತ್ತಿದ್ದೆ. ನೀರು ಬೇಕಾದರೂ ಕಂಬಕ್ಕೆ ಹೇಳಿದಂತೆ ಹೇಳುತ್ತಿದ್ದರು.

ಹಿತ್ತಲಲ್ಲಿ ಅವರ ಎಲೆ ಕೋಣೆ ಇತ್ತು. ನೆಲದಿಂದ ಮೊಳದೆತ್ತರದಲ್ಲಿ ಬಿದಿರಿನ ಗಳ ಹಾಸಿ, ಅದರ ಮೇಲೆ ಎಲೆಯ ಪೆಂಡಿಗಳನ್ನು ಇಡುತ್ತಿದ್ದರು. ಬಾವಿಯ ಕಡೆಯ ಗೋಡೆಯ ಬುಡದಲ್ಲೊಂದು ಕಿಂಡಿ, ಅದಕ್ಕೆ ಒದ್ದೆ ಗೋಣಿತಟ್ಟು. ಎದುರು ಗೋಡೆಯಲ್ಲಿ ಚಾವಣಿಗೆ ತಾಗಿ ಇನ್ನೊಂದು ಕಿಂಡಿ. ತಂಪು ಗಾಳಿ ಗಳದ ಕೆಳಗೆ ನುಗ್ಗಿ ಸಂದುಗಳಿಂದ ಮೇಲೇಳುತ್ತಿತ್ತು. ಅಲ್ಲಿಗೆ ಬೇರೆ ಯಾರೂ ಕಾಲಿಡುವಂತಿರಲಿಲ್ಲ.

ನನ್ನ ಕೂಸಿಗೆ, ಅಂದರೆ ನಿಮ್ಮಪ್ಪನಿಗೆ, ಆಗ ವರ್ಷವೂ ತುಂಬಿರಲಿಲ್ಲ. ಬೇಸಿಗೆಯಲ್ಲಿ ಜ್ವರ ಬಂತು. ಡಾಕ್ಟರು ಔಷಧ ಕೊಟ್ಟು, ಕೂಸನ್ನು ತಂಪಾದ ಜಾಗದಲ್ಲಿಡಿ ಎಂದಿದ್ದರು. ಮೈದುನ ಹೊಸದಾಗಿ ತಂದ ಫ್ಯಾನು, ಮಧ್ಯಾಹ್ನವಾದಂತೆ, ಕಾದ ತಗಡಿನ ಚಾವಣಿಯ ಉರಿಯನ್ನೇ ತೊಟ್ಟಿಲಿಗೆ ಸುರಿಯಿತು. ಕೂಸು ಅಳುವುದನ್ನೂ ಬಿಟ್ಟಿತು.

ಅಂದು ಹೊಸ್ತಿಲಲ್ಲಿ ಕೆಮ್ಮು ಕೇಳಲಿಲ್ಲ. ಮಾವನವರು ನೇರ ಒಳಗೇ ಬಂದರು.

“ಕೂಸು ಕೊಡವಾ,” ಎಂದರು. ನನಗೇ.

ಅತ್ತೆ ಅಡ್ಡ ನಿಂತರು. “ಜ್ವರದ ಕೂಸನ್ನ ಆ ಥಂಡಿ ಖೋಲ್ಯಾಗ ಇಡ್ತೀರೇನು? ಅದೂ ನಿಮ್ಮ ಎಲಿ ಪೆಂಡಿ ಅಂತ ತಿಳಿದೀರೇನು?”

“ಫ್ಯಾನ್ ಐತಲ್ಲಪ್ಪಾ,” ಎಂದ ಮೈದುನ.

“ಅದು ಮ್ಯಾಲಿನ ಉರಿ ಕೆಳಗ ತಳ್ಳಾಕತ್ತೈತಿ. ಕೆಳಗಿಂದ ತಂಪು ಬಂದ್ರ ಉರಿ ತಾನ ಮ್ಯಾಲ ಹೋಗ್ತೈತಿ.” ಮಾವನವರು ನನ್ನ ಕಡೆ ತಿರುಗಿದರು. “ಖರೇ ಹೇಳ್ಬೇಕಂದ್ರ ನನಗ ಎಲಿದಷ್ಟ ಗೊತ್ತು, ಕೂಸಿಂದು ಗೊತ್ತಿಲ್ಲ. ನೀ ಹೂಂ ಅಂದ್ರ ಒಯ್ತೇನಿ.”

ಆ ಮನೆಯಲ್ಲಿ ಅಲ್ಲಿಯವರೆಗೆ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ.

“ಒಯ್ರಿ,” ಎಂದೆ.

ಮದುವೆ ಮನೆಗೆಂದು ಕಟ್ಟಿಟ್ಟ ಪೆಂಡಿಗಳನ್ನು ಅಂಗಳದ ಬಿಸಿಲಿಗೆ ಹಾಕಿ, ಅವರೇ ಗಳದ ಮೇಲೆ ಕೌದಿ ಹಾಸಿದರು. ನಾನು ಕೂಸಿನ ಪಕ್ಕ ಕುಳಿತೆ. ಅವರು ಹೊರಗೆ ಗೋಣಿತಟ್ಟಿಗೆ ನೀರು ಹಾಕುತ್ತ ಕಿಂಡಿಯಿಂದಲೇ ಕೇಳುತ್ತಿದ್ದರು: “ಹೆಂಗೈತಿ?”

“ಹಂಗ ಐತ್ರಿ.”

ಸ್ವಲ್ಪ ಹೊತ್ತಿಗೆ ಮತ್ತೆ, “ಹೆಂಗೈತಿ?”

ಬಿಸಿಲಿಳಿಯುವಾಗ ಕೂಸು ಜೋರಾಗಿ ಅತ್ತಿತು. ಹೊರಗೆ ಕೊಡ ಕೆಳಗಿಟ್ಟ ಸದ್ದಾಯಿತು. ಅವರು ಮತ್ತೆ ಕೇಳಲಿಲ್ಲ. ಅಂಗಳದಲ್ಲಿ ಎಲೆಗಳೆಲ್ಲ ಬಾಡಿ ಕಪ್ಪಾಗಿದ್ದವು.

ಮರುದಿನದಿಂದ ಅದೇ ಕೆಮ್ಮು, ಅದೇ ಕಂಬದೊಂದಿಗೆ ಮಾತು.

ವರ್ಷಗಳ ಮೇಲೆ ಹಾಸಿಗೆ ಹಿಡಿದಾಗ ಅವರು ಎಲೆ ಕೋಣೆಯಲ್ಲೇ ಮಲಗುತ್ತೇನೆಂದರು. ಒಂದು ಮಧ್ಯಾಹ್ನ ನನ್ನನ್ನೇ ನೋಡಿ, “ತಟ್ಟು ಒಣಗೇತೇನ ನೋಡವಾ,” ಎಂದರು. ಹೊರಗೆ ಹೋಗಿ ನೀರು ಹಾಕಿದೆ. ಕಿಂಡಿಯ ಬಳಿ ಬಗ್ಗಿ ಕೇಳಿದೆ: “ಹೆಂಗೈತ್ರಿ?”

“ತಂಪೈತವಾ.”

ಇನ್ನೊಂದು ಕೊಡ ಹಾಕಿ ಮತ್ತೆ ಕೇಳಿದೆ. ಆಮೇಲೆ ಉತ್ತರ ಬರಲಿಲ್ಲ.